ಬೆರೆತ ಮೇಲೆ ಬಿಡಿಸುವುದು ಕಷ್ಟ: ಮನೆಯಿಂದ ಹೊರಹೋಗುವ ವಸ್ತುಗಳ ವಿಲೇವಾರಿ

ಖಾಲಿಯಾದ ನೀರಿನ ಬಾಟಲಿಯೊಂದನ್ನು ಕತ್ತರಿಯಿಂದ ಕತ್ತರಿಸಿ, ಅದರ ಒಂದು ಚೂರನ್ನೂ ಅದರ ಮುಚ್ಚಳದ ಒಂದು ಚೂರನ್ನೂ ಬಟ್ಟಲು ನೀರಿಗೆ ಹಾಕಿ, ಎರಡನ್ನೂ ಬೆರಳಿನಿಂದ ಒಮ್ಮೆ ಪೂರ್ತಿ ಅದ್ದಿ ಬಿಟ್ಟು ನೋಡಿ. ಬಾಟಲಿಯ ಚೂರು ತಳ ಸೇರುತ್ತದೆ, ಮುಚ್ಚಳದ ಚೂರು ಮೇಲೆದ್ದು ತೇಲುತ್ತದೆ. ಬಾಟಲಿಯನ್ನು ಪೆಟ್ ಎಂಬ ಪ್ಲಾಸ್ಟಿಕ್‌ನಿಂದ ಮಾಡಿರುತ್ತಾರೆ. ಅದರ ಸಾಂದ್ರತೆ ನೀರಿನ ಸುಮಾರು 1.38 ಪಟ್ಟು. ಮುಚ್ಚಳ ಸಾಮಾನ್ಯವಾಗಿ ಪಾಲಿಥಿಲೀನ್ ಅಥವಾ ಪಾಲಿಪ್ರೊಪಿಲೀನ್‌ನದು. ಎರಡೂ ನೀರಿಗಿಂತ ಹಗುರ. ಮರುಬಳಕೆ ಕಾರ್ಖಾನೆಯಲ್ಲಿ ಬಾಟಲಿಗಳನ್ನು ಚೂರು ಮಾಡಿ ತೊಳೆದ ಮೇಲೆ, ಅಡುಗೆಮನೆಯ ಬಟ್ಟಲಿನಲ್ಲಿ ನಡೆದ ಇದೇ ಕೆಲಸವನ್ನು ದೊಡ್ಡ ತೊಟ್ಟಿಗಳಲ್ಲಿ ಮಾಡಿ, ಮುಳುಗಿದ್ದನ್ನೂ ತೇಲಿದ್ದನ್ನೂ ಬೇರೆ ಬೇರೆಯಾಗಿ ತೆಗೆಯುತ್ತಾರೆ.

ಮರುಬಳಕೆ ಎಂದ ಕೂಡಲೇ ಕರಗಿಸುವುದು, ಅಚ್ಚಿಗೆ ಹೊಯ್ಯುವುದು ನಮ್ಮ ಮನಸ್ಸಿಗೆ ಬರುತ್ತದೆ. ವಾಸ್ತವವಾಗಿ ಅದರ ಶ್ರಮದ ದೊಡ್ಡ ಪಾಲು ಕರಗಿಸುವುದಕ್ಕೆ ಮುಂಚೆಯೇ, ಬೆರೆತದ್ದನ್ನು ಬಿಡಿಸುವುದರಲ್ಲಿ ವ್ಯಯವಾಗುತ್ತದೆ. ಕೆಲವು ಬೆರಕೆಗಳನ್ನು ಯಂತ್ರ ಸುಲಭವಾಗಿ ಬಿಡಿಸಬಲ್ಲದು: ಕಬ್ಬಿಣವನ್ನು ಅಯಸ್ಕಾಂತ ಎತ್ತಿಕೊಳ್ಳುತ್ತದೆ, ಬಾಟಲಿ ಮತ್ತು ಮುಚ್ಚಳವನ್ನು ನೀರು ಬೇರ್ಪಡಿಸುತ್ತದೆ. ಇನ್ನು ಕೆಲವನ್ನು ಯಾವ ಯಂತ್ರವೂ ಬಿಡಿಸಲಾರದು. ಹಳೆಯ ಪತ್ರಿಕೆಯ ಮೇಲೆ ಚೆಲ್ಲಿದ ಸಾರನ್ನು ಯಾರೂ ಹಿಂತೆಗೆಯಲಾರರು. ಆದ್ದರಿಂದ ಕೈಯಲ್ಲಿರುವ ಯಾವ ವಸ್ತುವಿನ ಬಗ್ಗೆಯಾದರೂ ಎರಡು ಪ್ರಶ್ನೆ ಕೇಳಿಕೊಂಡರೆ ಹೆಚ್ಚಿನ ಗೊಂದಲ ಕಳೆಯುತ್ತದೆ. ಇದು ಬೇರೆಯದರ ಜೊತೆ ಸೇರಿದರೆ ಮತ್ತೆ ಬಿಡಿಸಲು ಆಗುತ್ತದೆಯೇ? ಬಿಡಿಸಲಾಗದಿದ್ದರೆ, ಅಥವಾ ಬಿಡಿಸುವ ಹೊತ್ತಿನಲ್ಲಿ, ಯಾರಿಗೆ ಏನು ಅಪಾಯ?

ಹಸಿ ಕಸ ಮೊದಲು ಬೇರೆಯಾಗಬೇಕು

ಉಳಿದೆಲ್ಲವನ್ನೂ ಕೆಡಿಸುವುದು ಅಡುಗೆಮನೆಯ ಹಸಿ ಕಸ. ತರಕಾರಿ ಸಿಪ್ಪೆ, ಉಳಿದ ಊಟ, ಕೊಳೆತ ಹಣ್ಣು ಇವು ತಾವಾಗಿ ಯಾರಿಗೂ ಕೇಡು ಮಾಡುವಂಥವಲ್ಲ. ಆದರೆ ಅವು ಕಾಗದ, ಬಟ್ಟೆ, ಪ್ಲಾಸ್ಟಿಕ್‌ಗಳೊಂದಿಗೆ ಒಂದೇ ಚೀಲದಲ್ಲಿ ಒಂದು ರಾತ್ರಿ ಕಳೆದರೆ, ಬೆಳಿಗ್ಗೆ ಆ ಚೀಲದಲ್ಲಿ ಮರುಬಳಕೆಗೆ ಯೋಗ್ಯವಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನ ಮನೆ, ಹೋಟೆಲು, ಅಂಗಡಿಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್; ಅದರಲ್ಲಿ ಸುಮಾರು ಶೇ. 60ರಷ್ಟು ಮನೆಗಳಿಂದಲೇ ಬಂದದ್ದು. ಕಸದ ಗುಡ್ಡೆಯ ಒಳಗೆ ಗಾಳಿಯಾಡದೆ ಹೂತುಹೋದ ಆಹಾರ ಕೊಳೆಯುವಾಗ ಮೀಥೇನ್ ಅನಿಲ ಹುಟ್ಟುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖವನ್ನು ಹಿಡಿದಿಡುತ್ತದೆ. ಜೊತೆಗೆ ಹೊತ್ತಿಕೊಳ್ಳುವ ಗುಣವುಳ್ಳದ್ದರಿಂದ ಕಸದ ಗುಡ್ಡೆಗಳ ಬೆಂಕಿ ದಿನಗಟ್ಟಲೆ ಆರದಿರುವುದಕ್ಕೂ ಅದು ಕಾರಣವಾಗುತ್ತದೆ.

ಅದೇ ಸಿಪ್ಪೆ ಗಾಳಿಯಾಡುವ ಜಾಗದಲ್ಲಿ ಕೊಳೆತರೆ ಗೊಬ್ಬರವಾಗುತ್ತದೆ. ಸೂಕ್ಷ್ಮಜೀವಿಗಳಿಗೆ ಸಾರಜನಕದ ಒಂದು ಪಾಲಿಗೆ ಇಂಗಾಲದ 25ರಿಂದ 30 ಪಾಲು ಬೇಕು. ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣಗಿದ ಎಲೆ, ಮರದ ಹೊಟ್ಟು, ಹರಿದ ರಟ್ಟಿನಲ್ಲಿ ಇಂಗಾಲ ಹೆಚ್ಚು. ಹೀಗಾಗಿ ಒಂದು ಪದರ ಹಸಿ ಹಾಕಿದಾಗಲೆಲ್ಲ ಅದರ ಮೇಲೆ ಒಣ ಪದರ ಮುಚ್ಚಬೇಕು. ತೇವ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಹಿಡಿ ಮಿಶ್ರಣವನ್ನು ಅಂಗೈಯಲ್ಲಿ ಗಟ್ಟಿಯಾಗಿ ಹಿಂಡಿ ನೋಡಿದರೆ ಸಾಕು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಮಾತ್ರ ಕಾಣಿಸಿದರೆ ಹದವಾಗಿದೆ. ನೀರು ಧಾರೆಯಾಗಿ ಇಳಿದರೆ ಒಣ ಎಲೆ ಸೇರಿಸಬೇಕು. ಹಿಡಿ ಬಿಟ್ಟ ಕೂಡಲೇ ಉದುರಿಹೋದರೆ ನೀರು ಚಿಮುಕಿಸಬೇಕು. ದುರ್ನಾತ ಬರುತ್ತಿದೆ ಎಂದರೆ ಗಾಳಿ ಸಾಲದು ಎಂದರ್ಥ. ಮಗುಚಿ ಹಾಕಿದರೆ ಸರಿಹೋಗುತ್ತದೆ. ‘ಗೊಬ್ಬರವಾಗುವ ಪ್ಲಾಸ್ಟಿಕ್’ ಎಂದು ಮುದ್ರಿಸಿರುವ ಚೀಲ, ಲೋಟಗಳನ್ನು ಮಾತ್ರ ಮನೆಯ ಗೊಬ್ಬರದ ತೊಟ್ಟಿಗೆ ನಂಬಿ ಹಾಕಬೇಡಿ. ಅವುಗಳಲ್ಲಿ ಅನೇಕವು ದೊಡ್ಡ ಗೊಬ್ಬರ ಘಟಕಗಳಲ್ಲಿ ವಾರಗಟ್ಟಲೆ ನಿಲ್ಲುವ ಸುಮಾರು 58 ಡಿಗ್ರಿ ಶಾಖದಲ್ಲಿ ಮಾತ್ರ ಸರಿಯಾಗಿ ಕರಗುವಂಥವು.

ಕಾಗದ, ಗಾಜು, ಲೋಹ

ಕಾಗದವನ್ನು ಮರುಬಳಕೆ ಮಾಡುವುದೆಂದರೆ ಅದನ್ನು ನೀರಿನಲ್ಲಿ ಕಲಕಿ ಮತ್ತೆ ನಾರಿನ ತಿರುಳಾಗಿಸುವುದು. ಪ್ರತಿ ಸಲ ಹೀಗೆ ಮಾಡಿದಾಗಲೂ ನಾರು ತುಂಡಾಗುತ್ತ ಗಿಡ್ಡವಾಗುತ್ತದೆ. ಸಾಮಾನ್ಯವಾಗಿ ಐದರಿಂದ ಏಳು ಸಲದ ನಂತರ ಅದು ಹಾಳೆಯಾಗಿ ನಿಲ್ಲುವ ಶಕ್ತಿ ಕಳೆದುಕೊಳ್ಳುತ್ತದೆ. ಶಾಯಿಯನ್ನು ತೊಳೆಯಲು ಕಾರ್ಖಾನೆಗೆ ಗೊತ್ತು, ಸ್ಟೇಪಲ್ ಪಿನ್ನುಗಳನ್ನೂ ಅದು ಸೋಸಿ ತೆಗೆಯುತ್ತದೆ, ಆದ್ದರಿಂದ ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಕೂರುವ ಅಗತ್ಯವಿಲ್ಲ. ಎಣ್ಣೆಯದೇ ತೊಂದರೆ. ಜಿಡ್ಡು ನೀರಿನಲ್ಲಿ ಕರಗದೆ ನಾರಿಗೆ ಅಂಟಿಕೊಂಡು ಹೊಸ ಹಾಳೆಯಲ್ಲಿ ಕಲೆಯಾಗಿ ಉಳಿಯುತ್ತದೆ. ಎಣ್ಣೆ ಹೀರಿದ ರಟ್ಟಿನ ಪೆಟ್ಟಿಗೆಯಿದ್ದರೆ ಶುದ್ಧವಾಗಿರುವ ಮುಚ್ಚಳದ ಭಾಗವನ್ನು ಹರಿದು ಕಾಗದದ ಜೊತೆಗೂ, ಜಿಡ್ಡಿನ ಭಾಗವನ್ನು ಹಸಿ ಕಸದ ಜೊತೆಗೂ ಹಾಕುವುದು ಸರಿ. ಅಂಗಡಿಯ ನುಣುಪು ಬಿಲ್ಲುಗಳು ಕಾಗದದಂತೆ ಕಂಡರೂ ಅವುಗಳ ಮೇಲೆ ಶಾಖಕ್ಕೆ ಬಣ್ಣ ಬದಲಿಸುವ ರಾಸಾಯನಿಕದ ಲೇಪವಿದೆ. ಉಗುರಿನಿಂದ ಗೀರಿದರೆ ಕಪ್ಪು ಗೆರೆ ಮೂಡುವುದೇ ಗುರುತು. ಇವುಗಳಲ್ಲಿ ದೇಹದ ಹಾರ್ಮೋನುಗಳ ಕೆಲಸಕ್ಕೆ ಅಡ್ಡಿಪಡಿಸಬಲ್ಲ ಬಿಸ್ಫೆನಾಲ್ ವರ್ಗದ ವಸ್ತುಗಳು ಇರುವುದುಂಟಾದ್ದರಿಂದ ಕಾಗದದ ಕಟ್ಟಿಗೂ ಗೊಬ್ಬರಕ್ಕೂ ಸೇರಿಸಬಾರದು. ಹಾಲು, ಹಣ್ಣಿನ ರಸ ಬರುವ ಚೌಕ ಪೊಟ್ಟಣಗಳದ್ದು ಬೇರೆ ಕಥೆ: ಅವುಗಳಲ್ಲಿ ಸುಮಾರು ಮುಕ್ಕಾಲು ಪಾಲು ರಟ್ಟು, ಉಳಿದದ್ದು ತೆಳುವಾದ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರ. ಅದಕ್ಕೆಂದೇ ಇರುವ ಘಟಕ ಮಾತ್ರ ಇವನ್ನು ಬಿಡಿಸಬಲ್ಲದು, ಹೀಗಾಗಿ ತೊಳೆದು ಚಪ್ಪಟೆ ಮಾಡಿ ಪ್ರತ್ಯೇಕವಾಗಿ ಇಡಬೇಕು.

ಗಾಜು ಕಾಗದದಂತೆ ಸವೆಯುವುದಿಲ್ಲ. ಎಷ್ಟು ಸಲ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ. ಕುಲುಮೆಯಲ್ಲಿ ಹಳೆಯ ಗಾಜಿನ ಪಾಲು ಶೇ. 10ರಷ್ಟು ಹೆಚ್ಚಿದಂತೆಲ್ಲ ಶಕ್ತಿಯ ಬಳಕೆ ಶೇ. 2.5ರಿಂದ 3ರವರೆಗೆ ಇಳಿಯುತ್ತದೆ. ಆದರೆ ಬಾಟಲಿ, ಜಾಡಿಗಳ ಗಾಜು ಒಂದು ಬಗೆ. ಒಲೆಯ ಮೇಲೆ, ಓವನ್ನಿನೊಳಗೆ ಇಡುವ ಶಾಖ ತಡೆಯುವ ಗಾಜು ಇನ್ನೊಂದು ಬಗೆ. ಅದು ಬಾಟಲಿಯ ಗಾಜು ಕರಗುವ ಶಾಖದಲ್ಲಿ ಕರಗದೆ ಗಟ್ಟಿ ಕಣವಾಗಿ ಉಳಿದು, ಹೊಸ ಬಾಟಲಿಯಲ್ಲಿ ಒಂದು ದುರ್ಬಲ ಬಿಂದುವಾಗುತ್ತದೆ. ಪಿಂಗಾಣಿ ತಟ್ಟೆಯ ಚೂರಿನಿಂದಲೂ ಇದೇ ಹಾನಿ. ಕನ್ನಡಿ, ಕಿಟಕಿಯ ಗಾಜು, ಬಲ್ಬುಗಳನ್ನು ಕೂಡ ಬಾಟಲಿಗಳ ಜೊತೆ ಬೆರೆಸಬಾರದು.

ಲೋಹಗಳ ವಿಷಯದಲ್ಲಿ ಹೇಳುವುದು ಕಡಿಮೆ, ಏಕೆಂದರೆ ಅವುಗಳ ದಾರಿ ಸುಗಮ. ತಗಡಿನ ಡಬ್ಬಿಯನ್ನು ಒಮ್ಮೆ ತೊಳೆದಿಟ್ಟರೆ ಸಾಕು. ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಿಯಂ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯ ಅಲ್ಯೂಮಿನಿಯಂ ಕರಗಿಸಲು ಬೇಕಾದ ಶಕ್ತಿ ಸುಮಾರು ಶೇ. 5ರಷ್ಟು ಮಾತ್ರ, ಮನೆಯ ಕಸದಲ್ಲಿ ಇಷ್ಟು ದೊಡ್ಡ ಉಳಿತಾಯ ಕೊಡುವ ವಸ್ತು ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಅಲ್ಯೂಮಿನಿಯಂ ಹಾಳೆಯ ಸಣ್ಣ ಚೂರುಗಳು ವಿಂಗಡಣೆಯ ಯಂತ್ರದ ಜರಡಿಯಲ್ಲಿ ಸೋರಿಹೋಗುತ್ತವೆ. ಅವನ್ನು ಒರೆಸಿ, ಕೂಡಿಸುತ್ತ ಹೋಗಿ, ಮುಷ್ಟಿ ಗಾತ್ರದ ಉಂಡೆಯಾದ ಮೇಲೆ ಕೊಡುವುದು ಒಳ್ಳೆಯದು. ಸುವಾಸನೆ, ಕ್ರಿಮಿನಾಶಕ, ಬಣ್ಣದ ಸ್ಪ್ರೇ ಡಬ್ಬಿಗಳನ್ನು ಪೂರ್ತಿ ಖಾಲಿಯಾಗುವವರೆಗೂ ಕೊಡಬಾರದು, ಚುಚ್ಚಲೂ ಬಾರದು. ಒಳಗೆ ಒತ್ತಡದಲ್ಲಿ ಉಳಿದ ಅನಿಲ ಹೊತ್ತಿಕೊಳ್ಳುವಂಥದ್ದು.

ಪ್ಲಾಸ್ಟಿಕ್ ಮತ್ತು ತ್ರಿಕೋನದ ತಪ್ಪು ಓದು

ಡಬ್ಬಿಯ ತಳದಲ್ಲಿ ಬಾಣಗಳ ತ್ರಿಕೋನ, ಅದರೊಳಗೆ ಒಂದು ಅಂಕಿ. ಇದನ್ನು ಕಂಡು ‘ಇದು ಮರುಬಳಕೆಯಾಗುತ್ತದೆ’ ಎಂದು ನಂಬಿ ಹಾಕುವವರು ಅಸಂಖ್ಯ ಮಂದಿ, ಮತ್ತು ಅವರ ತಪ್ಪೇನೂ ಇಲ್ಲ. ಒಂದರ ಬಾಲವನ್ನು ಇನ್ನೊಂದು ಹಿಡಿದಂತಿರುವ ಮೂರು ಬಾಣಗಳ ಚಿಹ್ನೆಯನ್ನು 1970ರಲ್ಲಿ ಗ್ಯಾರಿ ಆ್ಯಂಡರ್ಸನ್ ಎಂಬ ವಿದ್ಯಾರ್ಥಿ, ಅಮೆರಿಕದ ರಟ್ಟಿನ ಪೆಟ್ಟಿಗೆಯ ಕಂಪನಿಯೊಂದು ಏರ್ಪಡಿಸಿದ್ದ ಸ್ಪರ್ಧೆಗಾಗಿ ರಚಿಸಿದರು; ಅದು ಕಾಗದದ ಮರುಬಳಕೆಯ ಗುರುತಾಗಿತ್ತು. 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಅದನ್ನೇ ಹೋಲುವ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿಗಳನ್ನು ಇರಿಸಿ, ಪ್ಲಾಸ್ಟಿಕ್‌ನ ಜಾತಿಯನ್ನು ಸೂಚಿಸುವ ಸಂಕೇತಗಳನ್ನು ಜಾರಿಗೆ ತಂದಿತು. ಅಂದರೆ ಅಂಕಿ ಹೇಳುವುದು ವಸ್ತು ಯಾವುದರಿಂದ ಆಗಿದೆ ಎಂಬುದನ್ನು ಮಾತ್ರ. ಅದನ್ನು ಕೊಳ್ಳುವ ಕಾರ್ಖಾನೆ ಇದೆಯೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಈ ಗೊಂದಲವನ್ನು ತಗ್ಗಿಸಲೆಂದೇ 2013ರಲ್ಲಿ ಆ ಮಾನದಂಡದಿಂದ ಬಾಣಗಳನ್ನು ತೆಗೆದು ಬರಿಯ ತ್ರಿಕೋನವನ್ನು ಇಡಲಾಯಿತು. ಆದರೂ ಹಳೆಯ ಅಚ್ಚುಗಳ ಬಾಣಗಳು ಇನ್ನೂ ನಮ್ಮ ಕೈಗೆ ಬರುತ್ತಲೇ ಇವೆ.

ಅಂಕಿಗಳನ್ನು ಹೀಗೆ ಓದಬಹುದು. 1 ಎಂದರೆ ಪೆಟ್, ನೀರು ಮತ್ತು ತಂಪು ಪಾನೀಯದ ಬಾಟಲಿ. 2 ಎಂದರೆ ಗಟ್ಟಿ ಪಾಲಿಥಿಲೀನ್, ಶಾಂಪೂ ಹಾಗೂ ಮಾರ್ಜಕಗಳ ಬಾಟಲಿ. 5 ಎಂದರೆ ಪಾಲಿಪ್ರೊಪಿಲೀನ್, ಊಟದ ಡಬ್ಬಿಗಳು ಮತ್ತು ಮುಚ್ಚಳಗಳು. ಮೊದಲ ಎರಡಕ್ಕೆ ಬಹುತೇಕ ಕಡೆ ಬೇಡಿಕೆಯಿದೆ, ಐದನೆಯದಕ್ಕೆ ಹಲವು ಕಡೆ ಇದೆ. 4 ಎಂದರೆ ತೆಳು ಚೀಲಗಳ ಪಾಲಿಥಿಲೀನ್. ಸ್ವಚ್ಛವಾಗಿ ಒಣಗಿಸಿ ಒಂದೇ ಕಟ್ಟು ಮಾಡಿ ಕೊಟ್ಟರೆ ಅದಕ್ಕೂ ದಾರಿಯುಂಟು, ಬಿಡಿಯಾಗಿ ಹಾಕಿದರೆ ವಿಂಗಡಣೆಯ ಯಂತ್ರದ ತಿರುಗುವ ಅಚ್ಚಿಗೆ ಸುತ್ತಿಕೊಂಡು ಯಂತ್ರವನ್ನೇ ನಿಲ್ಲಿಸುತ್ತದೆ. 6 ಪಾಲಿಸ್ಟೈರೀನ್, ಅಂದರೆ ಥರ್ಮೋಕೋಲ್ ಮತ್ತು ಮುರುಕು ಸ್ವಭಾವದ ಲೋಟಗಳು. ಬಹುಪಾಲು ಗಾಳಿಯೇ ತುಂಬಿರುವುದರಿಂದ ಸಾಗಿಸುವ ಖರ್ಚು ವಸ್ತುವಿನ ಬೆಲೆಯನ್ನು ಮೀರುತ್ತದೆ. 7 ಎಂದರೆ ಮೇಲಿನ ಯಾವುದೂ ಅಲ್ಲದ ‘ಇತರೆ’.

3ನ್ನು ಬೇಕೆಂದೇ ಕೊನೆಗೆ ಉಳಿಸಿದೆ. ಇದು ಪಿವಿಸಿ: ಪೈಪು, ತಂತಿಯ ಹೊದಿಕೆ, ಮಾತ್ರೆಯ ಪಟ್ಟಿಯ ಉಬ್ಬಿದ ಭಾಗ. ಇದರ ಸಾಂದ್ರತೆ ಪೆಟ್‌ನ ಸಾಂದ್ರತೆಗೆ ಎಷ್ಟು ಹತ್ತಿರವಿದೆ ಎಂದರೆ ಬಟ್ಟಲಿನ ಪ್ರಯೋಗ ಇಲ್ಲಿ ಕೈಕೊಡುತ್ತದೆ, ಎರಡೂ ಮುಳುಗುತ್ತವೆ. ಪೆಟ್ ಕರಗುವುದು ಸುಮಾರು 250 ಡಿಗ್ರಿ ಶಾಖದಲ್ಲಿ. ಆ ಶಾಖ ತಲುಪುವ ಮುಂಚೆಯೇ ಪಿವಿಸಿ ಒಡೆದು ಹೈಡ್ರೋಕ್ಲೋರಿಕ್ ಆಮ್ಲವನ್ನು ಹೊರಬಿಡುತ್ತದೆ. ಆ ಆಮ್ಲ ಪೆಟ್‌ನ ಉದ್ದನೆಯ ಸರಪಳಿಗಳನ್ನು ತುಂಡರಿಸಿ ಇಡೀ ಹೊಯ್ತವನ್ನು ಹಳದಿಯಾಗಿಸಿ ದುರ್ಬಲಗೊಳಿಸುತ್ತದೆ. ಸಾವಿರಾರು ಒಳ್ಳೆಯ ಬಾಟಲಿಗಳ ನಡುವೆ ಸೇರಿದ ಬೆರಳೆಣಿಕೆಯ ಪಿವಿಸಿ ತುಂಡುಗಳು ಇಷ್ಟು ಮಾಡಬಲ್ಲವು. ‘ಆದರೆ ಆಗಲಿ, ಆಗದಿದ್ದರೆ ಅವರೇ ಎಸೆಯುತ್ತಾರೆ’ ಎಂದು ಅನುಮಾನದ ವಸ್ತುವನ್ನೆಲ್ಲ ಮರುಬಳಕೆಯ ಬುಟ್ಟಿಗೆ ಹಾಕುವ ಅಭ್ಯಾಸ ಒಳ್ಳೆಯ ಮನಸ್ಸಿನಿಂದ ಬಂದದ್ದೇ. ಆದರೂ ಅದರಿಂದ ಆಗುವ ನಷ್ಟ ಆ ಒಂದು ವಸ್ತುವಿಗೆ ಸೀಮಿತವಾಗುವುದಿಲ್ಲ.

ತಿಂಡಿಯ ಪೊಟ್ಟಣಗಳನ್ನು ಗುರುತಿಸುವುದು ಸುಲಭ. ಪೊಟ್ಟಣವನ್ನು ಮುಷ್ಟಿಯಲ್ಲಿ ಮುದುಡಿ ಕೈ ಬಿಡಿ. ಮುದುಡಿದಂತೆಯೇ ಉಳಿದರೆ ಅದು ಅಲ್ಯೂಮಿನಿಯಂ ಹಾಳೆ. ಮೆಲ್ಲಗೆ ಅರಳಿಕೊಂಡರೆ ಒಳಗೆ ಹೊಳೆಯುವುದು ಪ್ಲಾಸ್ಟಿಕ್ ಮೇಲಿನ ಅತಿ ತೆಳುವಾದ ಲೋಹದ ಲೇಪ. ಈ ಪದರಗಳನ್ನು ಬಿಡಿಸುವ ವ್ಯವಸ್ಥೆ ತೀರ ವಿರಳವಾದ್ದರಿಂದ ಸ್ಯಾಶೆ, ಪೊಟ್ಟಣಗಳು ಹೆಚ್ಚಿನಂಶ ಉರುವಲಾಗಿ ಸಿಮೆಂಟ್ ಗೂಡುಗಳಿಗೋ ಕಸದ ಗುಡ್ಡೆಗೋ ಹೋಗುತ್ತವೆ. 2015ರವರೆಗೆ ಜಗತ್ತಿನಲ್ಲಿ ಹುಟ್ಟಿದ ಸುಮಾರು 630 ಕೋಟಿ ಟನ್ ಪ್ಲಾಸ್ಟಿಕ್ ಕಸದಲ್ಲಿ ಮರುಬಳಕೆಯಾದದ್ದು ಶೇ. 9, ಸುಟ್ಟದ್ದು ಶೇ. 12, ಉಳಿದ ಶೇ. 79 ಗುಡ್ಡೆಗಳಲ್ಲೋ ಬಯಲಿನಲ್ಲೋ ಉಳಿಯಿತು ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿದೆ. ಆದ್ದರಿಂದ ಪೊಟ್ಟಣದ ವಿಷಯದಲ್ಲಿ ನಿಜವಾದ ಆಯ್ಕೆ ಇರುವುದು ಕೊಳ್ಳುವ ಹೊತ್ತಿನಲ್ಲಿ. ಒಂದನ್ನು ಮಾತ್ರ ಮಾಡಲೇಬಾರದು: ಹಿತ್ತಲಿನಲ್ಲಿ ಒಟ್ಟುಗೂಡಿಸಿ ಬೆಂಕಿ ಕೊಡುವುದು. ಕ್ಲೋರಿನ್ ಇರುವ ಪ್ಲಾಸ್ಟಿಕ್ ಕಡಿಮೆ ಶಾಖದಲ್ಲಿ ಅರೆಬರೆ ಉರಿದಾಗ ಡಯಾಕ್ಸಿನ್ ಎಂಬ ವಿಷವಸ್ತುಗಳು ಉಂಟಾಗುತ್ತವೆ. ಅವು ಮೇವಿನ ಮೂಲಕ ಹಾಲು, ಮಾಂಸದ ಕೊಬ್ಬನ್ನು ಸೇರಿ, ಅಲ್ಲಿಂದ ಮನುಷ್ಯರ ದೇಹಕ್ಕೆ ಬಂದು ವರ್ಷಗಟ್ಟಲೆ ಉಳಿಯುತ್ತವೆ.

ಬುಟ್ಟಿಗೆ ಹಾಕಲೇಬಾರದ ವಸ್ತುಗಳು

ಇಲ್ಲಿಂದ ಎರಡನೆಯ ಪ್ರಶ್ನೆ, ಅಂದರೆ ಯಾರಿಗೆ ಏನು ಅಪಾಯ ಎಂಬುದು, ಮುಖ್ಯವಾಗುತ್ತದೆ. ಲಿಥಿಯಂ ಬ್ಯಾಟರಿಯೊಳಗೆ ಧನ ಮತ್ತು ಋಣ ಭಾಗಗಳನ್ನು ಬೇರೆಯಾಗಿ ಇಟ್ಟಿರುವುದು ಕೂದಲಿಗಿಂತ ತೆಳುವಾದ ಒಂದು ಪ್ಲಾಸ್ಟಿಕ್ ಪೊರೆ. ಕಸದ ಲಾರಿಯಲ್ಲಿ ಒತ್ತುವ ಯಂತ್ರ ಅದನ್ನು ಜಜ್ಜಿದಾಗ ಪೊರೆ ಹರಿದು, ಒಳಗೊಳಗೇ ವಿದ್ಯುತ್ ಹರಿದು, ಶಾಖ ಏರುತ್ತ ಹೋಗಿ, ಒಳಗಿನ ದ್ರಾವಣಕ್ಕೆ ಬೆಂಕಿ ಹತ್ತುತ್ತದೆ. ಸುತ್ತಲೂ ಒಣ ಕಾಗದ, ಪ್ಲಾಸ್ಟಿಕ್ ಇರುವ ಲಾರಿಯಲ್ಲೋ ವಿಂಗಡಣೆಯ ಕೇಂದ್ರದಲ್ಲೋ ಇದು ನಡೆದರೆ ಆಗುವ ಅನಾಹುತಕ್ಕೆ ಗುರಿಯಾಗುವವರು ಅಲ್ಲಿ ದುಡಿಯುವವರು. ಮೊಬೈಲ್, ಲ್ಯಾಪ್‌ಟಾಪ್, ಪವರ್ ಬ್ಯಾಂಕ್‌ಗಳಷ್ಟೇ ಅಲ್ಲದೆ ಇಯರ್‌ಫೋನ್, ಆಟಿಕೆ, ವಿದ್ಯುತ್ ಹಲ್ಲುಜ್ಜುವ ಬ್ರಷ್, ಹಾಡು ಹೇಳುವ ಶುಭಾಶಯ ಪತ್ರಗಳಲ್ಲಿಯೂ ಏನಾದರೊಂದು ಬಗೆಯ ಸೆಲ್ ಇರುತ್ತದೆ ಎಂಬುದನ್ನು ನಾವು ಮರೆಯುತ್ತೇವೆ.

ಮುಗಿದ ಸೆಲ್‌ಗಳಿಗೆಂದು ಮನೆಯಲ್ಲಿ ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಇಡಿ. ಲೋಹದ ಡಬ್ಬಿ ಬೇಡ. ಒಳಗೆ ಹಾಕುವ ಮುಂಚೆ ತುದಿಗಳಿಗೆ ಟೇಪು ಅಂಟಿಸಿ. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿಗೆ ಇದು ಕಡ್ಡಾಯ, ಏಕೆಂದರೆ ಅದರ ಎರಡೂ ತುದಿಗಳು ಒಂದೇ ಮುಖದಲ್ಲಿವೆ. ಒಂದು ಕೀಲಿಕೈ ಅಥವಾ ನಾಣ್ಯ ಅಡ್ಡಬಿದ್ದರೂ ಸಾಕು, ಬೆಂಕಿ ಹೊತ್ತಿಸುವಷ್ಟು ಬಿಸಿಯಾಗಬಲ್ಲದು. ಗುಂಡಿಯಾಕಾರದ ಸೆಲ್ ಮುಗಿದಿದೆ ಎಂದು ಮೇಜಿನ ಮೇಲೆ ಬಿಟ್ಟರೆ, ಅದನ್ನು ಮಗು ನುಂಗಿದಾಗ ಗಡಿಯಾರಕ್ಕೆ ಸಾಲದ ಆ ವಿದ್ಯುತ್ತೇ ಅನ್ನನಾಳದಲ್ಲಿ ಎರಡು ಗಂಟೆಯೊಳಗೆ ತೀವ್ರ ಸುಟ್ಟಗಾಯ ಮಾಡಬಲ್ಲದು. ಅದನ್ನು ಉಪಕರಣದಿಂದ ತೆಗೆದ ಕ್ಷಣವೇ ಎರಡೂ ಬದಿಗೆ ಟೇಪು ಸುತ್ತಿ ಮಕ್ಕಳ ಕೈಗೆ ಎಟುಕದಂತೆ ಇಡಬೇಕು. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಒತ್ತಿ ಚಪ್ಪಟೆ ಮಾಡಲು, ಚುಚ್ಚಲು, ಮತ್ತೊಮ್ಮೆ ಚಾರ್ಜ್ ಮಾಡಿ ನೋಡಲು ಹೋಗಬೇಡಿ. ಹೊತ್ತಿಕೊಳ್ಳುವ ವಸ್ತುಗಳಿಂದ ದೂರ, ಒಣ ಮರಳಿನಲ್ಲಿ ಇಟ್ಟು ಬೇಗನೆ ಸಂಗ್ರಹ ಕೇಂದ್ರಕ್ಕೆ ಮುಟ್ಟಿಸಿ. ವಾಹನ ಮತ್ತು ಯುಪಿಎಸ್‌ನ ಸೀಸದ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಮರಳಿಸುವುದು ಹಲವು ಕಡೆ ರೂಢಿಯಲ್ಲಿದೆ. ಅದನ್ನು ಮನೆಯಂಗಳದಲ್ಲಿ ಒಡೆದು ಸೀಸ ತೆಗೆಯುವುದು ಮಾತ್ರ ಘೋರ ಅಪಾಯ. ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಯನ್ನು ಕುಂದಿಸುತ್ತದೆ, ಮತ್ತು ಇಷ್ಟು ಸೀಸ ಸುರಕ್ಷಿತ ಎನ್ನುವ ಯಾವ ಮಟ್ಟವೂ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸಿಎಫ್‌ಎಲ್ ಬಲ್ಬು ಮತ್ತು ಟ್ಯೂಬ್‌ಲೈಟುಗಳಲ್ಲಿ ಕೆಲವು ಮಿಲಿಗ್ರಾಂ ಪಾದರಸ ಇರುತ್ತದೆ, ಎಲ್‌ಇಡಿಯಲ್ಲಿ ಇಲ್ಲ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ಪಾದರಸದ ವಿಷಬಾಧೆಯ ನೆನಪಿನಲ್ಲಿ ಅದೇ ಊರಿನ ಹೆಸರಿಟ್ಟು 2013ರಲ್ಲಿ ಅಂಗೀಕರಿಸಿದ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂದಿದ್ದು, ಅದರ ಅಡಿಯಲ್ಲಿ ಇಂಥ ದೀಪಗಳು ಹಂತಹಂತವಾಗಿ ಮರೆಯಾಗುತ್ತಿವೆ. ಆದರೆ ಮನೆಗಳಲ್ಲಿ ಉಳಿದಿರುವವು ಬಹಳ. ಅಂಥ ದೀಪ ಒಡೆದರೆ ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಹೊರಗೆ ಕಳಿಸಿ, ಕಿಟಕಿ ತೆರೆದು, ಹತ್ತು ನಿಮಿಷ ಕೋಣೆಯಿಂದ ಹೊರಗಿರಿ. ಪೊರಕೆಯೂ ವ್ಯಾಕ್ಯೂಮ್ ಯಂತ್ರವೂ ಬೇಡ. ಎರಡೂ ಪಾದರಸವನ್ನು ಇನ್ನಷ್ಟು ಹರಡುತ್ತವೆ. ಗಟ್ಟಿ ರಟ್ಟಿನಿಂದ ಚೂರುಗಳನ್ನು ಗೋರಿ, ಪುಡಿಯನ್ನು ಟೇಪಿನಿಂದ ಎತ್ತಿ, ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಬಿಗಿ ಮುಚ್ಚಳದ ಜಾಡಿಗೆ ಹಾಕಿ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಇರುವುದು ಸುಮಾರು ಅರ್ಧದಿಂದ ಒಂದು ಗ್ರಾಂ, ಅಂದರೆ ದೀಪದಲ್ಲಿರುವುದರ ನೂರು ಪಟ್ಟಿಗೂ ಹೆಚ್ಚು. ಅದು ಒಡೆದಾಗ ಹೊಳೆಯುವ ಮಣಿಗಳನ್ನು ಟಾರ್ಚ್ ಬೆಳಕನ್ನು ನೆಲದ ಮಟ್ಟಕ್ಕೆ ಹಿಡಿದು ಹುಡುಕಿ, ಕಾರ್ಡಿನ ಅಂಚಿನಿಂದ ಒಟ್ಟುಗೂಡಿಸಿ ಜಾಡಿಗೆ ತುಂಬಬೇಕು. ಅದನ್ನು ಸಿಂಕಿಗೆ ಸುರಿಯುವುದು ಬೇಡವೇ ಬೇಡ.

ಅವಧಿ ಮುಗಿದ ಔಷಧಿಗೆ ಮೊದಲ ದಾರಿ, ಹಿಂಪಡೆಯುವ ವ್ಯವಸ್ಥೆಯುಳ್ಳ ಔಷಧಿ ಅಂಗಡಿ ಅಥವಾ ಆಸ್ಪತ್ರೆ. ಅದಿಲ್ಲದಿದ್ದರೆ ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ, ಮಣ್ಣು ಅಥವಾ ಮರದ ಹೊಟ್ಟಿನೊಂದಿಗೆ ಕಲಸಿ, ಯಾರೂ ತೆಗೆದು ಬಳಸದಂತೆ ಬಿಗಿಯಾಗಿ ಮುಚ್ಚಿ ಮರುಬಳಕೆಗೆ ಬಾರದ ಕಸಕ್ಕೆ ಹಾಕಬಹುದು. ಶೌಚಾಲಯದಲ್ಲಿ ಹಾಕಿ ನೀರು ಬಿಡುವುದು ಸಾಮಾನ್ಯವಾಗಿ ತಪ್ಪು: ಕೊಳಚೆ ಶುದ್ಧೀಕರಣ ಘಟಕಗಳು ಔಷಧದ ಅಂಶಗಳನ್ನು ಪೂರ್ತಿಯಾಗಿ ತೆಗೆಯಲಾರವು, ಮತ್ತು ಹೊಳೆ ಸೇರಿದ ಆ್ಯಂಟಿಬಯೋಟಿಕ್‌ಗಳು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ಅನುವು ಮಾಡಿಕೊಡುತ್ತವೆ. ಆಕಸ್ಮಿಕವಾಗಿ ಸೇವಿಸಿದರೆ ಪ್ರಾಣವನ್ನೇ ತೆಗೆಯಬಲ್ಲ ಕೆಲವು ಪ್ರಬಲ ನೋವುನಿವಾರಕಗಳಿಗೆ ಮಾತ್ರ ಬೇರೆ ಸಲಹೆ ಇರುತ್ತದೆ. ಅದನ್ನು ಔಷಧಿ ಕೊಟ್ಟವರಿಂದಲೇ ಕೇಳಿ ತಿಳಿಯಬೇಕು.

ಕರಿದ ಎಣ್ಣೆ ಬಿಸಿಯಿದ್ದಾಗ ಸಿಂಕಿನಲ್ಲಿ ಸರಾಗವಾಗಿ ಇಳಿಯುತ್ತದೆ, ಕೊಳವೆಯೊಳಗೆ ತಣ್ಣಗಾದ ಮೇಲೆ ಗಟ್ಟಿಯಾಗಿ ಗೋಡೆಗೆ ಕಚ್ಚುತ್ತದೆ. 2017ರಲ್ಲಿ ಲಂಡನ್ನಿನ ವೈಟ್‌ಚಾಪಲ್ ಬೀದಿಯಡಿಯ ಒಳಚರಂಡಿಯಲ್ಲಿ ಜಿಡ್ಡು ಮತ್ತು ಒದ್ದೆ ವೈಪ್‌ಗಳು ಒಂದಾಗಿ ಕಟ್ಟಿಕೊಂಡ 250 ಮೀಟರ್ ಉದ್ದದ, 130 ಟನ್ ತೂಕದ ಗಡ್ಡೆಯೊಂದನ್ನು ಕೆಲಸಗಾರರು ವಾರಗಟ್ಟಲೆ ಕಡಿದು ತೆಗೆಯಬೇಕಾಯಿತು. ಎಣ್ಣೆಯನ್ನು ಆರಿಸಿ, ಸೋಸಿ, ಬಾಟಲಿಯಲ್ಲಿ ಕೂಡಿಸಿದರೆ ಜೈವಿಕ ಡೀಸೆಲ್ ತಯಾರಿಸುವವರಿಗೆ ಅದು ಕಚ್ಚಾವಸ್ತು. ವಾಹನದ ಎಂಜಿನ್ ಎಣ್ಣೆಯನ್ನು ಇದಕ್ಕೆ ಬೆರೆಸಬಾರದು. ಅದನ್ನು ಗ್ಯಾರೇಜಿಗೇ ಕೊಡಬೇಕು. ಡಬ್ಬಿಯ ತಳದಲ್ಲಿ ಉಳಿದ ಬಣ್ಣ ನೀರಿನಲ್ಲಿ ಕರಗುವಂಥದ್ದಾದರೆ ಮುಚ್ಚಳ ತೆರೆದಿಟ್ಟು ಒಣಗಿಸಿ ಬಿಸಾಡಬಹುದು; ಎಣ್ಣೆ ಬಣ್ಣ, ಥಿನ್ನರ್, ಕೀಟನಾಶಕಗಳು ಅಪಾಯಕಾರಿ ಕಸದ ಕೇಂದ್ರಕ್ಕೇ ಹೋಗಬೇಕು.

ವಿದ್ಯುನ್ಮಾನ ವಸ್ತುಗಳು, ಫ್ರಿಜ್, ಬಟ್ಟೆ

2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಅದರಲ್ಲಿ ಸರಿಯಾದ ಕ್ರಮದಲ್ಲಿ ಸಂಗ್ರಹವಾಗಿ ಮರುಬಳಕೆಯಾದದ್ದು ಶೇ. 22.3 ಮಾತ್ರ. ಉಳಿದದ್ದರಲ್ಲಿ ಬಹಳಷ್ಟು ಮನೆಯ ಸಂದೂಕಗಳಲ್ಲೇ ಕುಳಿತಿದೆ, ಇನ್ನಷ್ಟು ತಾಮ್ರಕ್ಕಾಗಿ ತಂತಿ ಸುಡುವವರ, ಚಿನ್ನಕ್ಕಾಗಿ ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವವರ ಕೈ ಸೇರುತ್ತದೆ. ಹಳೆಯ ಫೋನನ್ನು ಕೊಡಲು ಜನ ಹಿಂಜರಿಯುವುದು ಹೆಚ್ಚಾಗಿ ಒಳಗಿರುವ ಚಿತ್ರ, ಸಂದೇಶಗಳ ಕಾರಣದಿಂದ. ಬೇಕಾದದ್ದನ್ನು ನಕಲಿಸಿಕೊಂಡು, ಖಾತೆಗಳಿಂದ ಹೊರಬಂದು, ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದು, ಫ್ಯಾಕ್ಟರಿ ರೀಸೆಟ್ ಮಾಡಿದರೆ ಇಂದಿನ ಫೋನುಗಳಲ್ಲಿ ಅದು ಸಾಕು, ಏಕೆಂದರೆ ಅವು ಮಾಹಿತಿಯನ್ನು ಗೂಢಲಿಪಿಯಲ್ಲಿಟ್ಟಿರುತ್ತವೆ, ರೀಸೆಟ್ ಆದಾಗ ಅದನ್ನು ಓದುವ ಕೀಲಿಯೇ ಅಳಿದುಹೋಗುತ್ತದೆ. ಕಂಪ್ಯೂಟರಿನ ಹಳೆಯ ಹಾರ್ಡ್ ಡಿಸ್ಕಿಗೆ ಹಾಗಲ್ಲ. ಫೈಲು ಅಳಿಸಿದರೆ ಹೆಸರು ಮಾತ್ರ ಹೋಗುತ್ತದೆ, ವಿಷಯ ಉಳಿದಿರುತ್ತದೆ. ಅದರ ಮೇಲೆ ಪೂರ್ತಿಯಾಗಿ ಬೇರೆ ಮಾಹಿತಿ ಬರೆಯುವ ತಂತ್ರಾಂಶವನ್ನು ಬಳಸಬೇಕು.

ಫ್ರಿಜ್ಜನ್ನು ಗುಜರಿಯವರು ತಾಮ್ರದ ಕೊಳವೆಗಾಗಿ ಅಂಗಳದಲ್ಲೇ ಕಡಿಯುವುದಕ್ಕೆ ಬಿಡಬೇಡಿ. 1987ರ ಮಾಂಟ್ರಿಯಲ್ ಒಪ್ಪಂದಕ್ಕೆ ಮುಂಚಿನ ಪೀಳಿಗೆಯ ಫ್ರಿಜ್ಜುಗಳಲ್ಲಿ ಇರುವ ಅನಿಲ ಓಝೋನ್ ಪದರವನ್ನು ಕೆಡಿಸುವುದಷ್ಟೇ ಅಲ್ಲ, ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಈಚಿನ ಅನೇಕ ಫ್ರಿಜ್ಜುಗಳಲ್ಲಿ ಇರುವ ಐಸೋಬ್ಯುಟೇನ್ ಎಂಬ ಅನಿಲ ಹವಾಮಾನಕ್ಕೆ ಅಷ್ಟು ಕೇಡು ಮಾಡದಿದ್ದರೂ ಹೊತ್ತಿಕೊಳ್ಳುತ್ತದೆ. ಅನಿಲವನ್ನು ಯಂತ್ರದಿಂದ ಹೀರಿ ತೆಗೆಯಬಲ್ಲವರಿಗೇ ಕೊಡಬೇಕು. ಕೊಂಡೊಯ್ಯಲು ಬರುವವರೆಗೆ ಹೊರಗೆ ಇಡುವುದಾದರೆ ಬಾಗಿಲನ್ನು ಕಳಚಿ ಇಡಿ; ಕಣ್ಣಾಮುಚ್ಚಾಲೆ ಆಡುತ್ತ ಹಳೆಯ ಫ್ರಿಜ್ಜಿನೊಳಗೆ ಹೊಕ್ಕ ಮಕ್ಕಳು ಉಸಿರುಗಟ್ಟಿ ಸತ್ತದ್ದುಂಟು.

ಉಡಲು ಯೋಗ್ಯವಾದ ಬಟ್ಟೆಯನ್ನು ಉಡುವವರಿಗೆ ಕೊಡುವುದೇ ಎಲ್ಲಕ್ಕಿಂತ ಮೇಲು. ಹರಿದ ಅಪ್ಪಟ ಹತ್ತಿ ಒರೆಸುಬಟ್ಟೆಯಾಗುತ್ತದೆ. ಹತ್ತಿ ಮತ್ತು ಪಾಲಿಯೆಸ್ಟರ್ ಒಂದೇ ನೂಲಿನಲ್ಲಿ ಹೆಣೆದ ಬಟ್ಟೆಯನ್ನು ಬಿಡಿಸಿ ಮತ್ತೆ ನೂಲಾಗಿಸುವ ಘಟಕಗಳು ಇನ್ನೂ ಬೆರಳೆಣಿಕೆಯಷ್ಟು.

ಕೊನೆಯದಾಗಿ, ಮರುಬಳಕೆಗೆ ಬಾರದೆ ಉಳಿದ ಕಸವನ್ನು ಕಟ್ಟುವ ಬಗೆ. ಸ್ಯಾನಿಟರಿ ಪ್ಯಾಡ್, ಡೈಪರ್, ಗಾಯದ ಪಟ್ಟಿಗಳನ್ನು ಕಾಗದದಲ್ಲಿ ಸುತ್ತಿ, ಎದ್ದು ಕಾಣುವ ಗುರುತು ಹಾಕಿ ಬೇರೆಯಾಗಿ ಇಡಿ. ಗುರುತಿಲ್ಲದ ಪೊಟ್ಟಣವನ್ನು ಯಾರೋ ಒಬ್ಬರು ಬಿಚ್ಚಿ ನೋಡಲೇಬೇಕಾಗುತ್ತದೆ. ಇನ್ಸುಲಿನ್ ಸೂಜಿಗಳನ್ನು ಸೂಜಿ ತೂರದಷ್ಟು ದಪ್ಪನೆಯ ಮಾರ್ಜಕದ ಬಾಟಲಿಗೆ ಹಾಕಿ, ಮುಕ್ಕಾಲು ಭಾಗ ತುಂಬಿದಾಗ ಮುಚ್ಚಳಕ್ಕೆ ಟೇಪು ಸುತ್ತಿ, ಆಸ್ಪತ್ರೆಯ ಕಸದ ವ್ಯವಸ್ಥೆಗೆ ಒಪ್ಪಿಸಿ. ಬ್ಲೇಡಿಗೆ ತಗಡಿನ ಚಿಕ್ಕ ಡಬ್ಬಿ ಸಾಕು. ಒಡೆದ ಲೋಟದ ಚೂರುಗಳನ್ನು ಹಲವು ಸುತ್ತು ಪತ್ರಿಕೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯೊಳಗೆ ಇರಿಸಿ, ಅದನ್ನು ಕೈಯಿಂದ ಎತ್ತುವವರು ಓದುವಂತೆ ಮೇಲ್ಗಡೆ ದಪ್ಪ ಅಕ್ಷರಗಳಲ್ಲಿ ‘ಒಡೆದ ಗಾಜು’ ಎಂದು ಬರೆಯಿರಿ.